ಸೋತವರು ಗೆದ್ದವರ ಬೆನ್ನಿಗೆ ನಿಲ್ಲಬೇಕೆ?

ಅಮೆರಿಕದಲ್ಲಿ ಪಕ್ಷದೊಳಗಿನ ಪ್ರೈಮರಿ ಚುನಾವಣೆಯಲ್ಲಿ ಸೋತವರು ಗೆದ್ದ ಅಭ್ಯರ್ಥಿಯನ್ನು ಬೆಂಬಲಿಸಲೇಬೇಕೆ?

ಕಾನೂನಿನ ಕಟ್ಟುಪಾಡೇನೂ ಇಲ್ಲ. ಬೆಂಬಲ ಅವರವರ ಇಚ್ಛೆ. ಆದರೆ ಅದರ ಪರಿಣಾಮ ದೊಡ್ಡದು. ಊರ ಕಬಡ್ಡಿ ತಂಡದ ನಾಯಕನ ಆಯ್ಕೆಯಲ್ಲಿ ಸೋತವನು ಮುನಿಸಿಕೊಂಡು ಮನೆಗೆ ಹೋದರೆ ಅವನ ಗೆಳೆಯರೂ ಅಂಕಣಕ್ಕಿಳಿಯುವುದಿಲ್ಲ. ಇಲ್ಲೂ ಹಾಗೆಯೇ: ತಿಂಗಳುಗಟ್ಟಲೆ ದುಡಿದ ಕಾರ್ಯಕರ್ತರು ತಮ್ಮ ನಾಯಕರ ಸನ್ನೆಗೆ ಕಾಯುತ್ತಾರೆ.

2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಡೆನ್ವರ್ ಸಮಾವೇಶದಲ್ಲಿ ರಾಜ್ಯವಾರು ಮತ ಕರೆಯುತ್ತಿದ್ದಾಗ, ಪ್ರೈಮರಿಯಲ್ಲಿ ಬರಾಕ್ ಒಬಾಮಾ ಎದುರು ಸೋತಿದ್ದ ಹಿಲರಿ ಕ್ಲಿಂಟನ್ ನ್ಯೂಯಾರ್ಕ್ ಪ್ರತಿನಿಧಿಗಳ ನಡುವೆ ನಿಂತು, ಒಬಾಮಾ ಅವರನ್ನೇ ಒಕ್ಕೊರಲಿನಿಂದ ಆರಿಸೋಣ ಎಂದು ಸೂಚಿಸಿದರು. ಸಭಾಂಗಣ ಮೊಳಗಿತು. ನವೆಂಬರಿನಲ್ಲಿ ಒಬಾಮಾ ಗೆದ್ದರು.

1980ರಲ್ಲಿ ಅದೇ ಪಕ್ಷದ ಪ್ರೈಮರಿಯಲ್ಲಿ ಸೋತ ಎಡ್ವರ್ಡ್ ಕೆನಡಿ, ಸಮಾವೇಶದ ವೇದಿಕೆಯಲ್ಲಿ ಗೆದ್ದ ಜಿಮ್ಮಿ ಕಾರ್ಟರ್ ಅವರ ಕೈಕುಲುಕಿದರು. ಆದರೆ ಇಬ್ಬರೂ ಕೈ ಜೋಡಿಸಿ ಮೇಲೆತ್ತುವ ಒಗ್ಗಟ್ಟಿನ ದೃಶ್ಯವನ್ನು ದೇಶ ಕಾಣಲೇ ಇಲ್ಲ. ಕಾರ್ಟರ್ ರೇಗನ್ ಎದುರು ಸೋತರು. ಬೆಲೆಯೇರಿಕೆ, ಇರಾನಿನ ಒತ್ತೆಯಾಳು ಬಿಕ್ಕಟ್ಟುಗಳ ಜೊತೆಗೆ ಈ ಒಡಕೂ ಅವರನ್ನು ಕಾಡಿತ್ತು.

ಸ್ಪರ್ಧೆಯ ನಿಯಮ ಒಪ್ಪಿ ಇಳಿದವರು ಫಲಿತಾಂಶವನ್ನೂ ಒಪ್ಪಿ ಗೆದ್ದವರ ಪರ ನಿಲ್ಲುವುದೇ ನ್ಯಾಯ. ಆದರೆ ಗೆದ್ದವರು ಆ ಹುದ್ದೆಗೇ ತಕ್ಕವರಲ್ಲ ಎಂದು ಮನಸಾರೆ ನಂಬಿದವರು ಬೆಂಬಲದ ನಾಟಕ ಆಡಬೇಕಿಲ್ಲ. ಆದರೂ ಆ ನಿಲುವಿಗೆ ಅಂಟಿಕೊಳ್ಳುವುದು ಸುಲಭವಲ್ಲ: ರಿಪಬ್ಲಿಕನ್ ಪ್ರೈಮರಿಯಲ್ಲಿ ಸೋತು, 2016ರ ಜುಲೈನಲ್ಲಿ ಗೆದ್ದ ಡೊನಾಲ್ಡ್ ಟ್ರಂಪ್‌ಗೆ ಬೆಂಬಲ ಸೂಚಿಸದೆ ಪಕ್ಷದವರ ಕೂಗಾಟ ಎದುರಿಸಿದ ಟೆಡ್ ಕ್ರೂಜ್, ಸೆಪ್ಟೆಂಬರಿನಲ್ಲಿ ಅವರಿಗೇ ಬೆಂಬಲ ಸಾರಿದರು.