ಟೀ ಯಾವುದಾದ್ರೂ ಇರ್ಲಿ, ಗಡಿಯಾರ ನೋಡಿ ಕುಡೀರಿ

ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಮೊದಲು ಸಿಗ್ತಿದ್ದದ್ದು ಎರಡೇ: ಟೀ, ಕಾಫಿ. ಈಗ ಅಲ್ಲೊಂದು ಪುಟ್ಟ ಅಂಗಡಿಯೇ ಇದೆ. ಗ್ರೀನ್ ಟೀ, ಲೆಮನ್ ಟೀ, ತುಳಸಿ ಟೀ, ಕ್ಯಾಮೊಮೈಲ್, ದಾಸವಾಳದ ಟೀ... ಒಂದೊಂದು ಡಬ್ಬಿಯ ಮೇಲೂ ಒಂದೊಂದು ಭರವಸೆ. ಇದು ಕುಡಿದ್ರೆ ಹೊಟ್ಟೆ ಕರಗುತ್ತೆ, ಇದು ಕುಡಿದ್ರೆ ನಿದ್ದೆ ಬರುತ್ತೆ, ಇದು ಕುಡಿದ್ರೆ ಮುಖ ಹೊಳೆಯುತ್ತೆ. ಹಾಲು ಹಾಕಿದ ನಮ್ಮ ಹಳೇ ಕಡಕ್ ಟೀ ಮಾತ್ರ, ಮೇಷ್ಟ್ರ ಹತ್ರ ಬೈಸ್ಕೊಂಡ ಹುಡುಗನ ಥರ ಮೂಲೆಯಲ್ಲಿ ನಿಂತಿದೆ.

ನಾನು ಟೀ ಪಕ್ಷದವಳು. ದಿನಕ್ಕೆ ಮೂರು ಲೋಟ ಬೇಕೇ ಬೇಕು. ಹಾಗಾಗಿ ಈ ಡಬ್ಬಿಗಳ ಮಾತಲ್ಲಿ ನಿಜ ಎಷ್ಟು ಅನ್ನೋ ಕುತೂಹಲ ಮೊದಲಿಂದ್ಲೂ ಇತ್ತು. ನನ್ನ ತಂಗಿಯ ರಕ್ತಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಅದು ಬರೀ ಕುತೂಹಲವಾಗಿ ಉಳೀಲಿಲ್ಲ. ಆ ಕಥೆಗೆ ಆಮೇಲೆ ಬರ್ತೀನಿ. ಮೊದಲು ಈ ಟೀಗಳ ಕುಲಗೋತ್ರ ನೋಡೋಣ.

ಗಿಡ ಒಂದೇ, ಬಣ್ಣ ನಾಲ್ಕು

ಗ್ರೀನ್, ಬ್ಲ್ಯಾಕ್, ವೈಟ್, ಊಲಾಂಗ್ ಅಂತ ಹೆಸರು ನಾಲ್ಕಿದ್ರೂ ಗಿಡ ಒಂದೇ. ಅದರ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿಯಲ್ಲಿ ಬೆಳೆಯೋದೂ ಇದೇ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಗುಡ್ಡಗಳಲ್ಲಿ ಕಾಫಿ ತೋಟಗಳ ನೆರೆಯಲ್ಲಿ ಕಾಣಿಸೋ ಟೀ ಗಿಡವೂ ಇದೇ.

ವ್ಯತ್ಯಾಸ ಇರೋದು ಎಲೆ ಕಿತ್ತ ಮೇಲೆ ಅದಕ್ಕೆ ಏನು ಮಾಡ್ತಾರೆ ಅನ್ನೋದ್ರಲ್ಲಿ. ಬದನೆಕಾಯಿ ಹೆಚ್ಚಿಟ್ರೆ ಸ್ವಲ್ಪ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗುತ್ತಲ್ವಾ? ಟೀ ಎಲೆಯೂ ಹಾಗೇ. ಜಜ್ಜಿದ ಎಲೆಗೆ ಗಾಳಿ ತಾಗಿದ್ರೆ ಬಣ್ಣ, ರುಚಿ ಎರಡೂ ಬದಲಾಗುತ್ತೆ. ಕಿತ್ತ ತಕ್ಷಣ ಬಿಸಿ ತಾಗಿಸಿ ಈ ಬದಲಾವಣೆಯನ್ನ ನಿಲ್ಲಿಸಿದ್ರೆ ಗ್ರೀನ್ ಟೀ. ಅರ್ಧ ದಾರಿಯಲ್ಲಿ ನಿಲ್ಲಿಸಿದ್ರೆ ಊಲಾಂಗ್. ಪೂರ್ತಿ ಬಿಟ್ರೆ ಬ್ಲ್ಯಾಕ್ ಟೀ. ಎಳೇ ಮೊಗ್ಗುಗಳನ್ನ ಹೆಚ್ಚು ಕೈ ಹಾಕದೆ ಬಾಡಿಸಿ ಒಣಗಿಸಿದ್ರೆ ವೈಟ್ ಟೀ.

ಇನ್ನು ನಮ್ಮ ಅಡುಗೆಮನೆ ಡಬ್ಬಿಯಲ್ಲಿರೋ ಕಾಳುಕಾಳಾದ ಪುಡಿ? ಅದು ಸಿಟಿಸಿ. ಎಲೆಯನ್ನ ಜಜ್ಜಿ, ಹರಿದು, ಉಂಡೆ ಕಟ್ಟೋ ಯಂತ್ರದ ವಿಧಾನ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ್ದು. ಬೇಗ ಬಣ್ಣ ಬಿಡುತ್ತೆ, ಹಾಲು ಹಾಕಿದ್ರೂ ರುಚಿ ಸೋಲಲ್ಲ. ಅಂದ್ರೆ ನಿಮ್ಮ ಮನೆಯ ಟೀಪುಡಿಗೂ ದುಬಾರಿ ವೈಟ್ ಟೀಗೂ ಇರೋದು ದಾಯಾದಿ ಸಂಬಂಧ!

ಯಾವುದರಲ್ಲಿ ಏನಿದೆ?

ಗ್ರೀನ್ ಟೀಯಲ್ಲಿ ಕ್ಯಾಟೆಚಿನ್ ಅನ್ನೋ ಉತ್ಕರ್ಷಣ ನಿರೋಧಕಗಳು ಹೆಚ್ಚು. ಇದರ ಜಾಹೀರಾತೆಲ್ಲ ನಿಂತಿರೋದು ಇದರ ಮೇಲೇ. ಹಾಗಂತ ಬ್ಲ್ಯಾಕ್ ಟೀ ಬರಿಗೈಯಲ್ಲಿ ಬಂದಿಲ್ಲ. ಎಲೆ ಕಪ್ಪಾಗುವಾಗ ಇದೇ ಕ್ಯಾಟೆಚಿನ್‌ಗಳು ಥಿಯಾಫ್ಲೇವಿನ್, ಥಿಯಾರುಬಿಗಿನ್ ಅನ್ನೋ ಬೇರೆ ರೂಪ ತಾಳುತ್ತವೆ.

ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರ ಮಾಹಿತಿ ಇಟ್ಕೊಂಡು ಮಾಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯ್ತು. ಅಲ್ಲಿ ಹೆಚ್ಚಿನವರು ಕುಡಿಯೋದು ಬ್ಲ್ಯಾಕ್ ಟೀನೇ. ದಿನಕ್ಕೆ ಎರಡು ಕಪ್ ಅಥವಾ ಅದಕ್ಕಿಂತ ಹೆಚ್ಚು ಟೀ ಕುಡಿಯೋರಲ್ಲಿ, ಕುಡಿಯದವರಿಗೆ ಹೋಲಿಸಿದ್ರೆ ಆ ವರ್ಷಗಳಲ್ಲಿ ಸಾವಿನ ಅಪಾಯ ಶೇ. 9ರಿಂದ 13ರಷ್ಟು ಕಡಿಮೆ ಕಂಡಿತು. ಹಾಲು ಹಾಕಿದವರಲ್ಲೂ ಹೀಗೇ ಇತ್ತು. ಇದು ಗಮನಿಸಿ ಬರೆದ ಲೆಕ್ಕ, ಟೀನೇ ಕಾರಣ ಅಂತ ಸಾಬೀತು ಮಾಡಿದ್ದಲ್ಲ. ಆದ್ರೂ ಕಡಕ್ ಟೀಯನ್ನ ಮೂಲೆಯಿಂದ ಈಚೆ ಕರೆಯೋಕೆ ಇಷ್ಟು ಸಾಕು.

ಗ್ರೀನ್ ಟೀ ಕುಡಿದು ಸಣ್ಣ ಆಗ್ಬೇಕು ಅಂತ ಇರೋರಿಗೆ ಒಂದು ಮಾತು. ತೂಕದ ಮೇಲೆ ಅದರ ಪ್ರಭಾವ ಇದ್ರೂ ಬಹಳ ಸಣ್ಣದು. ಸಕ್ಕರೆ ಹಾಕಿದ ಟೀ ಬಿಟ್ಟು ಸಕ್ಕರೆ ಇಲ್ಲದ ಗ್ರೀನ್ ಟೀ ಹಿಡಿದವರಿಗೆ ಲಾಭ ಕಂಡ್ರೆ, ಅದರಲ್ಲಿ ದೊಡ್ಡ ಪಾಲು ಬಿಟ್ಟ ಸಕ್ಕರೆಯದ್ದು. ಇನ್ನು ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ನುಂಗೋ ಅಭ್ಯಾಸ ಇದ್ರೆ ಹುಷಾರು. ಮಾತ್ರೆ ರೂಪದಲ್ಲಿ ದಿನಕ್ಕೆ 800 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಕ್ಯಾಟೆಚಿನ್) ಸೇರಿದ್ರೆ ಲಿವರ್‌ಗೆ ತೊಂದರೆ ಆಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ. ಲೋಟದಲ್ಲಿ ಕುಡಿಯೋ ಟೀಗೆ ಈ ಭಯ ಇಲ್ಲ.

ಹೆಸರು ಟೀ, ಸ್ವಭಾವ ಕಷಾಯ

ತುಳಸಿ, ಶುಂಠಿ, ಕ್ಯಾಮೊಮೈಲ್, ದಾಸವಾಳ, ಮಜ್ಜಿಗೆಹುಲ್ಲು... ಇವುಗಳಲ್ಲಿ ಟೀ ಎಲೆಯೇ ಇಲ್ಲ. ನಮ್ಮ ಅಜ್ಜಿಯರ ಭಾಷೆಯಲ್ಲಿ ಹೇಳೋದಾದ್ರೆ ಇವೆಲ್ಲ ಕಷಾಯ. ಮಲೆನಾಡಿನ ಮನೆಗಳಲ್ಲಿ ಜೀರಿಗೆ, ಕೊತ್ತಂಬರಿ, ಮೆಂತ್ಯ, ಕಾಳುಮೆಣಸು ಹುರಿದು ಪುಡಿ ಮಾಡಿಟ್ಟು, ಬೆಲ್ಲ ಹಾಲು ಸೇರಿಸಿ ಕೊಡ್ತಾರಲ್ಲ, ಅದೇ ವಂಶ. ಇವುಗಳಲ್ಲಿ ಕೆಫೀನ್ ಇಲ್ಲ ಅನ್ನೋದು ದೊಡ್ಡ ಅನುಕೂಲ. ರಾತ್ರಿ ಕುಡಿದ್ರೂ ನಿದ್ದೆ ಕೆಡೋಲ್ಲ.

ಶುಂಠಿ ವಾಕರಿಕೆ ತಗ್ಗಿಸುತ್ತೆ ಅನ್ನೋದಕ್ಕೆ ಒಳ್ಳೆಯ ಆಧಾರ ಇದೆ. ಪ್ಯಾಕೆಟ್ಟಿನಲ್ಲಿ ದಾಸವಾಳದ ಟೀ ಅಂತ ಬರೋದು ಸಾಮಾನ್ಯವಾಗಿ ನಮ್ಮ ಪುಂಡಿಪಲ್ಯದ ಬಳಗದ ಗಿಡದ್ದು. ಅದು ರಕ್ತದೊತ್ತಡವನ್ನ ಸ್ವಲ್ಪ ಇಳಿಸಬಲ್ಲದು ಅಂತ ಕೆಲವು ಪ್ರಯೋಗಗಳು ತೋರಿಸಿವೆ. ಬಿಪಿ ಮಾತ್ರೆ ತಗೊಳ್ತಾ ಇರೋರು ಡಾಕ್ಟರಿಗೆ ಒಂದು ಮಾತು ಹೇಳಿ ಶುರು ಮಾಡಿ. ಮಾತ್ರೆ ಬಿಟ್ಟು ಟೀ ಹಿಡಿಯೋದಂತೂ ಬೇಡವೇ ಬೇಡ.

ತಂಗಿಯ ರಿಪೋರ್ಟ್ ಹೇಳಿದ್ದೇನು?

ಈಗ ಆ ಕಥೆ. ನನ್ನ ತಂಗಿಗೆ ಇಪ್ಪತ್ತಾರು. ಬೆಂಗಳೂರಲ್ಲೇ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗ್ತಾಳೆ. ಕಳೆದ ವರ್ಷ ಮೆಟ್ರೋ ಮೆಟ್ಟಿಲು ಹತ್ತೋಕೂ ಏದುಸಿರು ಬಿಡ್ತಿದ್ಲು. ಬಾಚಣಿಗೆ ತುಂಬ ಕೂದಲು. ಟೆಸ್ಟ್ ಮಾಡಿಸಿದ್ರೆ ಹಿಮೋಗ್ಲೋಬಿನ್ 8.4. ಹೆಣ್ಣುಮಕ್ಕಳಿಗೆ ಕನಿಷ್ಠ 12 ಇರ್ಬೇಕು. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ರು. ಎರಡು ತಿಂಗಳು ತಪ್ಪದೆ ನುಂಗಿದಳು. ಮತ್ತೆ ಟೆಸ್ಟ್ ಮಾಡಿಸಿದ್ರೆ 8.8.

"ಅಕ್ಕಾ, ಮಾತ್ರೆ ತಗೊಂಡ್ರೂ ಏನೂ ಆಗ್ತಿಲ್ಲ ಕಣೇ. ನಂಗೇನೋ ದೊಡ್ಡ ಕಾಯಿಲೆನೇ ಇರ್ಬೇಕು," ಅಂತ ಫೋನಲ್ಲಿ ಅತ್ತಳು. ಮುಂದಿನ ಸಲ ನಾನೇ ಜೊತೆಗೆ ಹೋದೆ. ಡಾಕ್ಟರಮ್ಮ ಊಟ ತಿಂಡಿ ಎಲ್ಲಾ ವಿಚಾರಿಸಿ ಕೊನೆಗೆ ಕೇಳಿದ್ರು: "ಮಾತ್ರೆ ಯಾವಾಗ ತಗೋತೀಯಮ್ಮಾ?"

"ತಿಂಡಿ ಆದ್ಮೇಲೆ ಮೇಡಂ, ಟೀ ಜೊತೆ."

"ಮಧ್ಯಾಹ್ನ?"

"ಊಟ ಮುಗಿಸಿದ ತಕ್ಷಣ ಒಂದು ಟೀ. ಇಲ್ಲಾಂದ್ರೆ ನಿದ್ದೆ ಬರುತ್ತೆ."

ಡಾಕ್ಟರಮ್ಮ ನಕ್ಕುಬಿಟ್ರು. "ಮಾತ್ರೆ ನೀನು ತಗೊಳ್ತಿದ್ದೀಯ, ಕಬ್ಬಿಣಾಂಶ ಟೀ ತಗೊಳ್ತಿದೆ," ಅಂದ್ರು.

ವಿಷಯ ಇಷ್ಟೇ. ಟೀಯಲ್ಲಿರೋ ಟ್ಯಾನಿನ್ ಥರದ ಪಾಲಿಫಿನಾಲ್‌ಗಳು ಹೊಟ್ಟೆಯಲ್ಲಿ ಕಬ್ಬಿಣಾಂಶಕ್ಕೆ ಅಂಟಿಕೊಂಡು, ಅದು ರಕ್ತಕ್ಕೆ ಸೇರದ ಹಾಗೆ ಮಾಡ್ತವೆ. ತಲೆಗೆ ಹಚ್ಚೋ ಮೆಹಂದಿಯನ್ನ ಕಬ್ಬಿಣದ ಬಾಣಲೆಯಲ್ಲಿ ಟೀ ಡಿಕಾಕ್ಷನ್ ಹಾಕಿ ನೆನೆಸಿಟ್ರೆ ಬೆಳಗ್ಗೆ ಕಪ್ಪಗಾಗಿರುತ್ತಲ್ವಾ? ಟೀ ಮತ್ತು ಕಬ್ಬಿಣದ ಆ ನಂಟೇ ನಮ್ಮ ಹೊಟ್ಟೆಯಲ್ಲೂ ನಡೆಯೋದು. ಸೊಪ್ಪು, ಕಾಳು, ರಾಗಿಯಿಂದ ಸಿಗೋ ಕಬ್ಬಿಣಾಂಶಕ್ಕೆ ಈ ಏಟು ಹೆಚ್ಚು. ಊಟದ ಜೊತೆ ಟೀ ಕುಡಿದಾಗ ಅದು ಹೀರಿಕೊಳ್ಳೋ ಪ್ರಮಾಣ ಅರ್ಧಕ್ಕಿಂತ ಕಡಿಮೆ ಆಗಿದ್ದನ್ನ ಅಧ್ಯಯನಗಳು ದಾಖಲಿಸಿವೆ. ಗ್ರೀನ್ ಟೀ ಕುಡಿದ್ರೂ ಅಷ್ಟೇ. ಕೆಲವು ಗಿಡಮೂಲಿಕೆ ಟೀಗಳಲ್ಲೂ ಈ ಗುಣ ಇದೆ.

ಇದು ನನ್ನ ತಂಗಿ ಒಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲೂ ಅದು ಅರ್ಧದ ಹತ್ತಿರವೇ ಇದೆ. ಇದಕ್ಕೆಲ್ಲ ಟೀನೇ ಕಾರಣ ಅಂತಲ್ಲ. ಆದ್ರೆ ಮೊದಲೇ ಕಡಿಮೆ ಇರೋರ ತಟ್ಟೆಯಿಂದ ಇನ್ನಷ್ಟು ಕಿತ್ತುಕೊಳ್ಳೋದು ಬೇಡ ಅಲ್ವಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ: ಊಟಕ್ಕೆ ಮುಂಚೆ ಒಂದು ಗಂಟೆ, ಊಟದ ನಂತರ ಒಂದು ಗಂಟೆ ಟೀ ಕಾಫಿ ಬೇಡ.

ತಂಗಿ ಟೀ ಬಿಡ್ಲಿಲ್ಲ. ಡಾಕ್ಟರಮ್ಮ ಬಿಡು ಅಂತಲೂ ಹೇಳ್ಲಿಲ್ಲ. ಮಾತ್ರೆ ನಿಂಬೆಹಣ್ಣಿನ ಪಾನಕದ ಜೊತೆ, ಟೀ ಹನ್ನೊಂದು ಗಂಟೆಗೆ ಮತ್ತು ನಾಲ್ಕು ಗಂಟೆಗೆ ಅಂತ ಟೈಮ್ ಬದಲಾಯ್ತು. ನಿಂಬೆಯ ವಿಟಮಿನ್ ಸಿ ಕಬ್ಬಿಣಾಂಶ ಹೀರೋಕೆ ಸಹಾಯ ಮಾಡುತ್ತೆ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.3 ಬಂತು. ಈಗ ಮೆಟ್ರೋ ಮೆಟ್ಟಿಲಲ್ಲಿ ನಾನೇ ಹಿಂದೆ.

ಸಂಜೆಯ ಟೀ, ರಾತ್ರಿಯ ನಿದ್ದೆ

ಅದೇ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಟೀಯಲ್ಲಿ 30ರಿಂದ 65 ಮಿ.ಗ್ರಾಂ. ಕೆಫೀನ್ ಇರುತ್ತೆ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120. ದಿನಕ್ಕೆ ಒಟ್ಟು 300 ಮೀರಬಾರದು. ಗರ್ಭಿಣಿಯರು ಇನ್ನೂ ಕಡಿಮೆ ಮಾಡ್ಬೇಕು. ಟೀಯಲ್ಲಿ ಕೆಫೀನ್ ಜೊತೆ ಎಲ್-ಥಿಯನೈನ್ ಅನ್ನೋ ಅಂಶವೂ ಇದೆ. ಕಾಫಿ ಥರ ಎದೆ ಡವಡವ ಅನ್ನಿಸದೆ ಮನಸ್ಸು ಚುರುಕಾಗೋದಕ್ಕೆ ಇವೆರಡರ ಜೋಡಿ ಕಾರಣ ಅಂತಾರೆ.

ಆದ್ರೆ ಕೆಫೀನ್ ಬೇಗ ಮನೆ ಬಿಟ್ಟು ಹೋಗೋ ನೆಂಟ ಅಲ್ಲ. ಅರ್ಧ ಖಾಲಿ ಆಗೋಕೇ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಎರಡು ಲೋಟ ಸ್ಟ್ರಾಂಗ್ ಟೀ ಕುಡಿದ್ರೆ, ರಾತ್ರಿ ಹನ್ನೊಂದಕ್ಕೆ ಒಂದು ಲೋಟದಷ್ಟು ಕೆಫೀನ್ ಮೈಯಲ್ಲೇ ಇರುತ್ತೆ. ನಿದ್ದೆ ಬರ್ತಿಲ್ಲ ಅಂತ ಮೊಬೈಲ್ ಹಿಡಿಯೋರು ಮೊದಲು ಆ ಸಂಜೆ ಟೀ ಮೇಲೆ ಅನುಮಾನ ಪಡಿ. ಅಮೆರಿಕಾ ಟೈಮಿಗೆ ಕೆಲಸ ಮಾಡೋರು ಮಲಗೋ ಹೊತ್ತಿಂದ ಆರೇಳು ಗಂಟೆ ಹಿಂದಕ್ಕೆ ಎಣಿಸಿ ಕೊನೇ ಟೀ ಇಟ್ಕೊಳ್ಳಿ.

ಸಕ್ಕರೆ, ಬಿಸಿ, ಕಪ್

ಲೋಟಕ್ಕೆ ಎರಡು ಚಮಚ ಸಕ್ಕರೆ, ದಿನಕ್ಕೆ ನಾಲ್ಕು ಲೋಟ. ಚಮಚಕ್ಕೆ 5 ಗ್ರಾಂ ಅಂದ್ರೂ 40 ಗ್ರಾಂ ಆಯ್ತು. ಸುಮಾರು 25 ಗ್ರಾಮಿಗಿಂತ ಕೆಳಗಿದ್ರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅದೂ ಬಿಸ್ಕೆಟ್, ಸ್ವೀಟು ಎಲ್ಲಾ ಸೇರಿ! ಬೆಲ್ಲ ಹಾಕಿದ್ರೆ ಪರವಾಗಿಲ್ಲ ಅನ್ನೋರಿದ್ದಾರೆ. ಬೆಲ್ಲವೂ ಹೆಚ್ಚುಕಡಿಮೆ ಸಕ್ಕರೆಯೇ. ವಾರಕ್ಕೆ ಕಾಲು ಚಮಚದಂತೆ ಇಳಿಸ್ತಾ ಬನ್ನಿ, ನಾಲಿಗೆಗೆ ಗೊತ್ತೇ ಆಗಲ್ಲ.

ಕುದಿಯೋ ಟೀಯನ್ನ ಹಾಗೇ ಗಂಟಲಿಗೆ ಇಳಿಸೋ ಶೂರರಿಗೂ ಒಂದು ಮಾತು. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಕುಡಿಯೋ ಅಭ್ಯಾಸ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗೋ ಸಾಧ್ಯತೆ ಇದೆ ಅಂತ 2016ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿತು. ಮೂರ್ನಾಲ್ಕು ನಿಮಿಷ ಆರಲು ಬಿಡಿ.

ಪೇಪರ್ ಕಪ್ ಬದಲು ಸ್ವಂತ ಸ್ಟೀಲ್ ಲೋಟವೋ, ಪಿಂಗಾಣಿ ಮಗ್ಗೋ ಇಟ್ಕೊಳ್ಳಿ. ಪೇಪರ್ ಕಪ್ಪಿನ ಒಳಪದರ ಪ್ಲಾಸ್ಟಿಕ್. ಬಿಸಿ ಪಾನೀಯ 15 ನಿಮಿಷ ಅದರಲ್ಲಿದ್ರೆ ಸಾವಿರಾರು ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತೆ ಅಂತ ಐಐಟಿ ಖರಗ್‌ಪುರದ ಸಂಶೋಧಕರು ಕಂಡುಕೊಂಡಿದ್ದಾರೆ.

ನನ್ನ ಈಗಿನ ಟೀ ಟೈಮ್‌ಟೇಬಲ್

• ಬೆಳಗ್ಗೆ ಎದ್ದ ತಕ್ಷಣ ನೀರು. ತಿಂಡಿಗೆ ಒಂದು ಗಂಟೆ ಮುಂಚೆ ಎದ್ದಿದ್ರೆ ಮಾತ್ರ ಮೊದಲ ಟೀ. ಆಸಿಡಿಟಿ ಇರೋರು ಖಾಲಿ ಹೊಟ್ಟೆಗೆ ಬೇಡ.
• ಹನ್ನೊಂದು ಗಂಟೆಗೆ ಹಾಲಿನ ಕಡಕ್ ಟೀ, ಅರ್ಧ ಚಮಚ ಸಕ್ಕರೆ.
• ಊಟ ಆದ ಮೇಲೆ ಟೀ ಇಲ್ಲ, ಹತ್ತು ನಿಮಿಷ ನಡಿಗೆ.
• ನಾಲ್ಕರ ಒಳಗೆ ಕೊನೇ ಟೀ. ಗ್ರೀನ್ ಟೀ ಆದ್ರೆ ಕುದಿಯೋ ನೀರು ಹಾಕಲ್ಲ. ಸ್ವಲ್ಪ ಆರಿದ ನೀರಲ್ಲಿ ಎರಡು ಮೂರು ನಿಮಿಷ ಸಾಕು, ಕಹಿ ಆಗಲ್ಲ.
• ರಾತ್ರಿ ಬೇಕೆನಿಸಿದ್ರೆ ಊಟ ಆಗಿ ಒಂದು ಗಂಟೆ ಬಿಟ್ಟು ಜೀರಿಗೆ ಕಷಾಯ.

ಇನ್ನೊಂದು ಸಲಹೆ ನಮ್ಮ ಬೆಂಗಳೂರಿನ ದರ್ಶಿನಿಗಳೇ ಕೊಟ್ಟಿವೆ: ಬೈಟು! ಟೀ ಅರ್ಧ, ಸಕ್ಕರೆ ಅರ್ಧ, ಕೆಫೀನ್ ಅರ್ಧ, ಮಾತು ಮಾತ್ರ ಪೂರ್ತಿ. ಸ್ನೇಹಿತರ ಜೊತೆ ಹೋದಾಗ ಧೈರ್ಯವಾಗಿ ಹೇಳಿ. ಸುಸ್ತು, ಕೂದಲು ಉದುರೋದು, ಮೆಟ್ಟಿಲು ಹತ್ತಿದ್ರೆ ಏದುಸಿರು, ಇಂಥದ್ದೇನಾದ್ರೂ ಇದ್ರೆ ಟೀ ಬದಲಾಯಿಸ್ತಾ ಕೂರಬೇಡಿ, ಮೊದಲು ಒಂದು ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. ಡಾಕ್ಟರ್ ಹತ್ರ ಹೋದಾಗ, ಅವರು ಕೇಳದಿದ್ರೂ ನೀವೇ ಹೇಳಿ: ನಾನು ಟೀ ಇಷ್ಟು ಹೊತ್ತಿಗೆ ಕುಡೀತೀನಿ ಅಂತ.