ಸೀಸದ ಗುಂಡಿನ ಸಾಕ್ಷ್ಯ

ಮಂಡ್ಯ ಜಿಲ್ಲೆಯ ಮಳವಳ್ಳಿ ಬಳಿ 1799ರ ಮಾರ್ಚ್ 27ರಂದು ಟಿಪ್ಪು ಸುಲ್ತಾನನ ಸೇನೆಗೂ ಜನರಲ್ ಹ್ಯಾರಿಸ್‌ನ ಸೇನೆಗೂ ಕದನ ನಡೆಯಿತು. ಅಂಥ ನೆಲದಲ್ಲಿ ಗುಂಡು ಸಿಕ್ಕರೆ ಅದರ ಕಾಲ ತಿಳಿಯುವುದು ಹೇಗೆ?

ಮೊದಲು ನೋಡಬೇಕಾದುದು ಆಕಾರ. ಆಗಿನ ಕೋವಿಗಳಿಗೆ ಗೋಲಿಯಂತೆ ದುಂಡಗಿನ ಸೀಸದ ಗುಂಡು. ಮೊನೆಯುಳ್ಳ ಉದ್ದನೆಯ ಗುಂಡು ಸೈನ್ಯಗಳಲ್ಲಿ ರೂಢಿಗೆ ಬಂದದ್ದು 19ನೇ ಶತಮಾನದ ನಡುವೆ. ಅದು ಈ ಕದನದ್ದಲ್ಲ. ಇಂಗ್ಲಿಷರ 'ಬ್ರೌನ್ ಬೆಸ್' ಕೋವಿಯ ಗುಂಡಿನ ಅಡ್ಡಳತೆ ಸುಮಾರು 17.5 ಮಿ.ಮೀ., ತೂಕ ಸುಮಾರು 30 ಗ್ರಾಂ. ಫ್ರೆಂಚ್ ಕೋವಿಯದು ತುಸು ಸಣ್ಣದು. ಗುಂಡು ಚಪ್ಪಟೆಯಾಗಿದ್ದರೆ ತೂಕವೇ ಆಧಾರ.

ಆದರೆ ದುಂಡು ಗುಂಡನ್ನು ಬೇಟೆಗಾರರು ಆಮೇಲೂ ಬಳಸಿದರು. ಹಾಗಾಗಿ ಸಿಕ್ಕ ಜಾಗವೇ ಮುಖ್ಯ ಸಾಕ್ಷಿ. ಗುಂಡುಗಳು ಬಿದ್ದಿರುವ ಸಾಲು ಸೇನೆ ನಿಂತ ಕಡೆಯನ್ನು ತೋರಬಲ್ಲದು. ಜಾಗ ಗುರುತಿಸದೆ ಜೇಬಿಗೆ ಹಾಕಿಕೊಂಡರೆ ಉಳಿಯುವುದು ಬರೀ ಸೀಸ.