ಕೊಬ್ಬು ಕಳುಹಿಸುವ ಓಲೆ

ಹೊಟ್ಟೆಯ ಸುತ್ತ ಬೆಳೆಯುವ ಕೊಬ್ಬಿಗೆ ಕನ್ನಡದಲ್ಲಿ ಬೊಜ್ಜು ಎಂದು ಹೆಸರು. ಬೊಜ್ಜು ಬೆಳೆದವರನ್ನು ಕಂಡು ನಗುವುದು ಲೋಕದ ರೂಢಿ. ಹೊಟ್ಟೆಬಾಕರು, ಮೈಗಳ್ಳರು ಎಂದು ಅವರನ್ನು ಹಳಿಯುವುದೂ ಉಂಟು. ಈ ನಿಂದೆ ಎಷ್ಟರಮಟ್ಟಿಗೆ ನ್ಯಾಯವಾದುದು?

ಉಂಡ ಆಹಾರದಲ್ಲಿ ವೆಚ್ಚವಾಗದೆ ಉಳಿದ ಶಕ್ತಿಯನ್ನು ದೇಹವು ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೊಕ್ಯಾಲರಿ ಶಕ್ತಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ 9 ಕಿಲೊಕ್ಯಾಲರಿ ದೊರೆಯುತ್ತದೆ. ಸುಗ್ಗಿಯಲ್ಲಿ ತುಂಬಿಸಿದ ಹಗೇವು ಬರಗಾಲದಲ್ಲಿ ಮನೆಯವರನ್ನು ಕಾಯುವಂತೆ ಈ ಸಂಗ್ರಹವು ಜೀವವನ್ನು ಕಾಯುತ್ತದೆ. ಆದರೆ ಹಗೇವಿನಲ್ಲಿ ಎಷ್ಟು ಧಾನ್ಯವಿದೆಯೆಂಬುದು ಮನೆಯ ಯಜಮಾನನಿಗೆ ತಿಳಿದಿರಬೇಕಲ್ಲವೆ? ದೇಹದ ಯಜಮಾನನಾದ ಮೆದುಳಿಗೆ ಈ ಲೆಕ್ಕ ತಲಪುವುದು ಹೇಗೆ?

ಇದಕ್ಕೆ ಉತ್ತರ ದೊರೆತದ್ದು ಇಲಿಗಳಿಂದ. ಅಮೆರಿಕದ ಮೇನ್ ಪ್ರಾಂತದಲ್ಲಿರುವ ಜಾಕ್ಸನ್ ಪ್ರಯೋಗಶಾಲೆಯಲ್ಲಿ 1949ರಲ್ಲಿ ಒಂದು ವಿಚಿತ್ರ ತಳಿ ಕಾಣಿಸಿಕೊಂಡಿತು. ಈ ಇಲಿಗಳಿಗೆ ತೃಪ್ತಿಯೆಂಬುದೇ ಇರಲಿಲ್ಲ. ಅವು ತಿಂದು ತಿಂದು ಸಾಧಾರಣ ಇಲಿಯ ಮೂರರಷ್ಟು ತೂಗುತ್ತಿದ್ದವು. ಮುಂದೆ ಅದೇ ಸಂಸ್ಥೆಯಲ್ಲಿ ಮಧುಮೇಹದಿಂದ ಕೂಡಿದ ಇನ್ನೊಂದು ಸ್ಥೂಲ ತಳಿಯೂ ದೊರೆಯಿತು. ಡಗ್ಲಾಸ್ ಕೋಲ್ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ಪಕ್ಕೆಗಳನ್ನು ಒಂದಕ್ಕೊಂದು ಹೊಲಿದು, ಒಂದರ ರಕ್ತ ಇನ್ನೊಂದರ ಮೈಯಲ್ಲಿಯೂ ಹರಿಯುವಂತೆ ಮಾಡಿದನು. ಮಧುಮೇಹದ ಇಲಿಯೊಡನೆ ಜೋಡಿಸಿದ ಸಾಧಾರಣ ಇಲಿ ಆಹಾರವನ್ನು ಮುಟ್ಟದೆ ಹಸಿದು ಸತ್ತಿತು. ಅದೇ ಇಲಿಯೊಡನೆ ಮೊದಲನೆಯ ಸ್ಥೂಲ ತಳಿಯ ಇಲಿಯನ್ನು ಜೋಡಿಸಿದಾಗ ಆ ಹೊಟ್ಟೆಬಾಕ ಇಲಿಯೂ ತಿನ್ನುವುದನ್ನು ನಿಲ್ಲಿಸಿತು! ಮಧುಮೇಹದ ಇಲಿಯಾದರೋ ತನಗೇನೂ ಆಗದಂತೆ ತಿನ್ನುತ್ತಲೇ ಇತ್ತು.

ಇದರ ಅರ್ಥವನ್ನು ಕೋಲ್ಮನ್ ಸರಿಯಾಗಿ ಗ್ರಹಿಸಿದನು. 'ಸಾಕು' ಎಂಬ ಸಂದೇಶವನ್ನು ಹೊತ್ತ ಯಾವುದೋ ವಸ್ತು ರಕ್ತದಲ್ಲಿ ಹರಿಯುತ್ತಿದೆ. ಮೊದಲನೆಯ ತಳಿಗೆ ಆ ಓಲೆಯನ್ನು ಬರೆಯಲು ಬಾರದು, ಬಂದರೆ ಓದಬಲ್ಲದು. ಎರಡನೆಯ ತಳಿ ರಾಶಿ ರಾಶಿಯಾಗಿ ಬರೆಯುತ್ತದೆ, ಆದರೆ ಓದಲಾರದು. ಆ ವಸ್ತುವನ್ನು ಕೈಗೆ ಸಿಕ್ಕಿಸಿಕೊಳ್ಳಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಆತನ ಸಂಗಡಿಗರು ಅದರ ವಂಶವಾಹಿಯನ್ನು ಪತ್ತೆಹಚ್ಚಿದರು. ಅದೊಂದು ಪ್ರೋಟೀನು, ಕೊಬ್ಬಿನ ಕೋಶಗಳೇ ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ತೆಳ್ಳಗಿನದು ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಿಟ್ಟರು.

ಇಲಿಯ ಕಥೆ ಮನುಷ್ಯರಿಗೂ ಅನ್ವಯಿಸುವುದೆಂದು ಬಹುಬೇಗ ತಿಳಿದುಬಂತು. 1997ರಲ್ಲಿ ಇಂಗ್ಲೆಂಡಿನ ವೈದ್ಯರು, ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳ ವಿಷಯವನ್ನು ಪ್ರಕಟಿಸಿದರು. ಎಂಟು ವರ್ಷದ ಬಾಲಕಿ 86 ಕಿಲೋಗ್ರಾಂ ತೂಗುತ್ತಿದ್ದಳು. ಎಷ್ಟು ಉಂಡರೂ ಆಕೆಯ ಹಸಿವು ಹಿಂಗುತ್ತಿರಲಿಲ್ಲ. ಮರುವರ್ಷ ಆಕೆಗೆ ದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಡತೊಡಗಿದಾಗ ಹಸಿವು ಹತೋಟಿಗೆ ಬಂತು. ಹನ್ನೆರಡು ತಿಂಗಳಲ್ಲಿ 16 ಕಿಲೋಗ್ರಾಂ ಇಳಿಯಿತು. ಆ ಮಗುವಿನಲ್ಲಿ ಕೊರತೆಯಾಗಿದ್ದುದು ಸಂಯಮವಲ್ಲ, ಒಂದು ಪ್ರೋಟೀನು.

ಆದರೆ ಇಂತಹವರು ಬಹಳ ವಿರಳ. ಸ್ಥೂಲಕಾಯರಲ್ಲಿ ಹೆಚ್ಚಿನವರ ರಕ್ತದಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇರುತ್ತದೆ. ಮೆದುಳು ಮಾತ್ರ ಅದಕ್ಕೆ ಕಿವುಡಾಗಿರುತ್ತದೆ. ಕೊಬ್ಬು ಎಲ್ಲಿ ಸೇರಿದೆಯೆಂಬುದೂ ಮುಖ್ಯ. ಉದರದೊಳಗೆ ಕರುಳಿನ ಸುತ್ತ ಸೇರುವ ಕೊಬ್ಬಿನ ರಕ್ತ ಬಹುಪಾಲು ನೇರವಾಗಿ ಯಕೃತ್ತಿಗೆ ಹರಿಯುತ್ತದೆ. ಬೊಜ್ಜು ಬೆಳೆದಂತೆ ಉರಿಯೂತವನ್ನು ಉಂಟುಮಾಡುವ ಪ್ರೋಟೀನುಗಳು ಹೆಚ್ಚುತ್ತವೆ; ಇನ್ಸುಲಿನ್ನಿಗೆ ನೆರವಾಗುವ ಅಡಿಪೊನೆಕ್ಟಿನ್ ಎಂಬ ಪ್ರೋಟೀನು ಕಡಿಮೆಯಾಗುತ್ತದೆ. ಮಧುಮೇಹಕ್ಕೆ ದಾರಿಯಾಗುವುದು ಹೀಗೆ. ಭಾರತೀಯರು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕಾಗಿದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಅಳೆಸಿ ಹೋಲಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಲ್ಲಿಯೂ 22.3, ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇಕಡ 9.1 ಇದ್ದರೆ ಯಾಜ್ಞಿಕರಲ್ಲಿ ಶೇಕಡ 21.2 ಇತ್ತು.

ಎಲ್ಲ ಕೊಬ್ಬೂ ಬಿಳಿಯದಲ್ಲ. 1551ರಷ್ಟು ಹಿಂದೆಯೇ ಸ್ವಿಟ್ಜರ್ಲೆಂಡಿನ ಕಾನ್ರಾಡ್ ಗೆಸ್ನರ್, ಚಳಿಗಾಲದಲ್ಲಿ ನಿದ್ರಿಸುವ ಮಾರ್ಮಟ್ ಎಂಬ ಪ್ರಾಣಿಯಲ್ಲಿ ಕೊಬ್ಬೂ ಅಲ್ಲದ ಮಾಂಸವೂ ಅಲ್ಲದ ಒಂದು ಪದಾರ್ಥವನ್ನು ವರ್ಣಿಸಿದ್ದನು. ಅದೇ ಕಂದು ಕೊಬ್ಬು. ಇದರ ಕೋಶಗಳಲ್ಲಿ ಕಬ್ಬಿಣದ ಅಂಶವುಳ್ಳ ಮೈಟೊಕಾಂಡ್ರಿಯಗಳು ತುಂಬಿರುತ್ತವೆ. ಬಣ್ಣಕ್ಕೆ ಕಾರಣ ಅವೇ. ಗಿರಣಿಯ ಚಕ್ರವನ್ನು ತಿರುಗಿಸಬೇಕಾದ ನೀರನ್ನು ಪಕ್ಕದ ತೂಬಿನಿಂದ ಹರಿಯಬಿಟ್ಟಂತೆ, ಇಲ್ಲಿರುವ ಒಂದು ಪ್ರೋಟೀನು ಶಕ್ತಿಯನ್ನು ಕೂಡಿಡಗೊಡದೆ ಶಾಖವಾಗಿ ಹೊರಬಿಡುತ್ತದೆ. ಹಸುಳೆಗಳು ಬೆಚ್ಚಗಿರುವುದು ಇದರ ನೆರವಿನಿಂದ. ದೊಡ್ಡವರಲ್ಲಿಯೂ ಕತ್ತು, ಹೆಗಲುಗಳ ಬಳಿ ಇದು ಕೆಲಸಮಾಡುತ್ತಿರುವುದು 2009ರಲ್ಲಿ ಖಚಿತವಾಯಿತು.

ಬಿಳಿ ಕೊಬ್ಬಿನ ನಡುವೆಯೂ ಕಂದುಬಣ್ಣಕ್ಕೆ ತಿರುಗಬಲ್ಲ ಕೋಶಗಳಿವೆ. ಚಳಿ ಅವುಗಳನ್ನು ಪ್ರಚೋದಿಸುತ್ತದೆ. ರಕ್ತದಲ್ಲಿ ಸಂಚರಿಸುವ ಕೆಲವು ಪ್ರೋಟೀನುಗಳಿಗೂ ಈ ಶಕ್ತಿಯುಂಟು. ವ್ಯಾಯಾಮ ಮಾಡುವ ಸ್ನಾಯುಗಳಿಂದ ಹೊರಡುವ ಐರಿಸಿನ್ ಎಂಬುದನ್ನು 2012ರಲ್ಲಿ ಬ್ರೂಸ್ ಸ್ಪೀಗಲ್‌ಮನ್ನನ ತಂಡ ವರ್ಣಿಸಿತು. ಗ್ರೀಕರ ದೇವದೂತಿ ಐರಿಸಳ ಹೆಸರೇ ಅದಕ್ಕೆ ಸಂದಿತು. ಇಲಿಗಳಲ್ಲಿ ಅದು ಬಿಳಿ ಕೊಬ್ಬನ್ನು ಕಂದಾಗಿಸಿತು. ಮನುಷ್ಯನ ರಕ್ತದಲ್ಲಿ ಅದು ಇದೆಯೇ ಎಂಬ ಬಗೆಗೆ ವಿದ್ವಾಂಸರಲ್ಲಿ ಬಿರುಸಾದ ವಾದ ನಡೆಯಿತು. 2015ರಲ್ಲಿ ಸೂಕ್ಷ್ಮ ಉಪಕರಣಗಳಿಂದ ಅಳೆದಾಗ ವ್ಯಾಯಾಮವಿಲ್ಲದವರಲ್ಲಿ ಮಿಲಿಲೀಟರಿಗೆ 3.6 ನ್ಯಾನೋಗ್ರಾಂ, ವ್ಯಾಯಾಮ ಮಾಡಿದವರಲ್ಲಿ 4.3 ನ್ಯಾನೋಗ್ರಾಂ ಕಂಡುಬಂತು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಅಲ್ಪವಾದ ವ್ಯತ್ಯಾಸ ಮನುಷ್ಯನ ಬೊಜ್ಜನ್ನು ಕರಗಿಸಲು ಸಾಲುವುದೇ ಎಂಬ ಪರೀಕ್ಷೆ ಇನ್ನೂ ಮುಗಿದಿಲ್ಲ.